ಸಸಿಗೆ ನೀರು ಹಾಕೋ ಹೊತ್ತು

ಅಕ್ಟೋಬರ್ 28

ಸೊಸೆಗೆ,

ತಲುಪಿದೆ. ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಯಿತು, ಅದಿರಲಿ. ಮಗಳು ಮಲಗಿದ್ದಾಳೆ. ಹೆರಿಗೆಯಾಗುವವರೆಗೂ ಹಾಸಿಗೆ ಬಿಟ್ಟು ಏಳಕೂಡದು, ಮನಸ್ಸಿಗೆ ಯಾವ ಗಾಬರಿಯೂ ಆಗಕೂಡದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಎರಡೇ ಕೋಣೆಯ ಮನೆ, ಇಲ್ಲಿ ಸೀನಿದರೆ ಅಲ್ಲಿ ಕೇಳುತ್ತೆ. ಅದಕ್ಕೇ ಫೋನ್ ಮಾಡಬೇಡ. ಏನಿದ್ದರೂ ಕಾಗದ ಬರಿ. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹ್ಞೂಂ ಅತ್ತೆ’ ಅಂತೀಯ. ಬರೆಯುವಾಗಲಾದರೂ ನಿಜ ಬರುತ್ತದೋ ನೋಡೋಣ.

ಕೋಸಿನ ಸಸಿಗಳನ್ನು ಮೊದಲ ಸಲ ನಿನ್ನ ಒಬ್ಬಳ ಕೈಗೆ ಬಿಟ್ಟು ಬಂದಿದ್ದೇನೆ. ಬೆಟ್ಟದ ಮೇಲಿನ ಊರುಗಳ ಪರವಾಗಿ ಟೋಪಿಯಣ್ಣ ಡಿಸೆಂಬರಿನ ಮೊದಲ ವಾರ ಬಂದು ಒಯ್ಯುತ್ತಾನೆ. ಹೋದ ವರ್ಷ ಅವರು ಬೇರೆ ಕಡೆ ಕೊಂಡ ಸಸಿಗಳು ಮೊದಲ ಹಿಮಕ್ಕೇ ಕೊಳೆತುಹೋದವು, ಊರಿಗೆ ಊರೇ ಬರಿ ನೆಲ ನೋಡಿಕೊಂಡು ಕೂತಿತ್ತು. ಈ ಸಲ ನಮ್ಮನ್ನು ನಂಬಿದ್ದಾರೆ. ನಮ್ಮವೂ ಸತ್ತರೆ ಅವರು ಬೇಸಾಯ ಬಿಟ್ಟು ಕೆಳಗಿಳಿಯುತ್ತಾರೆ, ನಾವು ಶೆಡ್ಡಿಗೆ ಬಾಗಿಲು ಹಾಕುತ್ತೇವೆ. ಮಧ್ಯದ ದಾರಿ ಇಲ್ಲ.

ಸಸಿ ಗಟ್ಟಿ ಮಾಡುವುದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ನೀರು ಕಡಿಮೆ ಮಾಡು. ಎಲೆ ಬಾಡಿ ತಲೆ ಬಗ್ಗಿಸಿದ ಮೇಲೇ ನೀರು, ಅದೂ ಬೆಳಗ್ಗೆ ಮಾತ್ರ. ಬದಿಯ ಪ್ಲಾಸ್ಟಿಕ್ ಹಾಳೆಯನ್ನು ದಿನದಿನಕ್ಕೂ ಹೆಚ್ಚು ಹೊತ್ತು ಎತ್ತಿಡು, ಆಮೇಲೆ ಟ್ರೇಗಳನ್ನು ಹೊರಗೇ ಬಿಡು. ಗಾಳಿ ಇಲ್ಲದ ದಿನ ಮೆತ್ತನೆ ಪೊರಕೆಯಿಂದ ಅವುಗಳ ತಲೆ ಸವರು. ಗಾಳಿ ಹೊಡೆಯುತ್ತಿದೆ ಅಂದುಕೊಂಡು ಅವು ಉದ್ದಕ್ಕೆ ಹೋಗುವುದು ಬಿಟ್ಟು ದಂಟು ದಪ್ಪ ಮಾಡಿಕೊಳ್ಳುತ್ತವೆ. ಪಾಪ ಅನ್ನಬೇಡ. ಈಗ ನೀನು ಪಾಪ ಅಂದರೆ ಆಮೇಲೆ ಚಳಿ ಪಾಪ ಅನ್ನುವುದಿಲ್ಲ.

ಶೆಡ್ಡಿನ ನಲ್ಲಿಗೆ ಬೀಗ ಹಾಕಿಸಿದ್ದೇನೆ. ಕೀ ನಿನ್ನ ಸೊಂಟದಲ್ಲೇ ಇರಲಿ. ಯಾರಿಗೂ ಕೊಡಬೇಡ, ನಿನ್ನ ಮಾವ ಕೇಳಿದರೂ.

ನಿನ್ನ ಅತ್ತೆ


ನವೆಂಬರ್ 2

ಅತ್ತೆಗೆ ನಮಸ್ಕಾರ,

ನಿಜ ಬರಿ ಅಂದ್ರಲ್ಲ, ಬರೀತೀನಿ. ಆಮೇಲೆ ಮುಖ ಊದಿಸಿಕೋಬೇಡಿ.

ಸಸಿಗಳು ಚೆನ್ನಾಗಿವೆ. ಮೊದಲ ದಿನ ಅವು ಬಾಡಿ ಬಿದ್ದಿದ್ದು ನೋಡಿ ನನ್ನ ಗಂಟಲೇ ಒಣಗಿಹೋಯ್ತು. ನಾನು ಲೋಟದ ಮೇಲೆ ಲೋಟ ನೀರು ಕುಡಿದೆ, ಅವಕ್ಕೆ ಮಾತ್ರ ಒಂದು ಹನಿ ಹಾಕಲಿಲ್ಲ. ಸಣ್ಣಕ್ಕ ಪಕ್ಕದಲ್ಲೇ ನಿಂತು, “ಹಸುಗೂಸುಗಳನ್ನ ಹೀಗೆ ಗೋಳುಹೊಯ್ಕೋತೀರಲ್ಲ, ನಿಮಗೆ ಒಳ್ಳೇದಾಗುತ್ತಾ?” ಅಂತ ಶಾಪ ಹಾಕಿದಳು. ಇಷ್ಟು ವರ್ಷ ನಿಮ್ಮ ಹತ್ತಿರ ಕೆಲಸ ಮಾಡಿದರೂ ಅವಳಿಗೆ ಇದು ಪಾಪದ ಕೆಲಸವೇ. ಮಧ್ಯಾಹ್ನ ನಾನು ಪೇಟೆಯ ಅಂಗಡಿಯಲ್ಲಿ ಕೂರೋದರಿಂದ ಆ ಹೊತ್ತು ಶೆಡ್ಡು ಅವಳ ಸುಪರ್ದಿಗೆ. ನಿಮ್ಮ ಮಗ ಲಾರಿ ತಗೊಂಡು ಹೋದವರು ಇನ್ನೂ ಬಂದಿಲ್ಲ.

ಈಗ ಕೀ ವಿಷಯ. ಮೊನ್ನೆ ಮಾವ ಬಂದು ನಲ್ಲಿ ಹತ್ತಿರ ನಿಂತರು. ಬೀಗ ಹಿಡಿದು ಎಳೆದರು. ನನ್ನ ಕಡೆ ನೋಡಿ, “ಇದಕ್ಕೆ ಯಾರು ಬೀಗ ಹಾಕಿದ್ದು?” ಅಂದರು. ನೀವು ಅಂತ ಹೇಗೆ ಹೇಳಲಿ ಅತ್ತೆ? ಆ ಶೆಡ್ಡಿನ ಒಂದೊಂದು ಕಂಬವನ್ನೂ ನೆಟ್ಟ ಮನುಷ್ಯ, ಪೆಟ್ಟು ತಿಂದ ಶಾಲೆ ಹುಡುಗನ ಥರ ನಿಂತಿದ್ದರು. ನನಗೆ ತಡೆಯೋಕಾಗಲಿಲ್ಲ. ಕೀ ಅವರಿಗೇ ಕೊಟ್ಟುಬಿಟ್ಟೆ. ಬೆಳಗ್ಗೆ ಬೇಕಾದಾಗ ಅವರ ಹತ್ತಿರ ಇಸ್ಕೋತೀನಿ.

ನಿಮಗೆ ಕೋಪ ಬರುತ್ತೆ ಅಂತ ಗೊತ್ತು. ಆದರೆ ನೀರಿನ ಬೀಗಕ್ಕೆ ಮನೆ ಯಜಮಾನರೇ ಕಳ್ಳರಾದರೆ ಹೇಗೆ, ಹೇಳಿ?

ನಿಮ್ಮ ಸೊಸೆ


ನವೆಂಬರ್ 6

ಸೊಸೆಗೆ,

ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಕೀ ವಾಪಸ್ ತಗೋ. ಓದಿ ಮುಗಿಸುವವರೆಗೂ ಕಾಯಬೇಡ.

ಕಾರಣ ಕೇಳಬೇಡ.

ಅತ್ತೆ


ನವೆಂಬರ್ 11

ಅತ್ತೆಗೆ,

ಎದ್ದು ಹೋದೆ. ಕೇಳಿದೆ. “ಯಾವ ಕೀ?” ಅಂದರು. “ನಲ್ಲಿ ಕೀ ಮಾವ, ಮೊನ್ನೆ ಮೊನ್ನೆ ಕೊಟ್ಟೆನಲ್ಲ” ಅಂದೆ. “ನನಗೆ ಯಾರೂ ಏನೂ ಕೊಟ್ಟಿಲ್ಲಮ್ಮ” ಅಂತ ಪೇಪರ್ ಬಿಡಿಸಿಕೊಂಡು ಕೂತರು. ನಿಮ್ಮ ಮೇಲಿನ ಸಿಟ್ಟಿಗೆ ಬೇಕಂತಲೇ ಹೀಗೆ ಆಟ ಆಡ್ತಿದ್ದಾರೆ ಅಂತ ನನಗೆ ಅನ್ನಿಸಿತು. ಬೆಳಗಿನ ನೀರಿಗೆ ನಾನು ಬಚ್ಚಲುಮನೆಯಿಂದ ಬಕೆಟ್ ಹೊರ್ತಿದ್ದೀನಿ, ನನ್ನ ಹಣೆಬರಹ.

ಇಷ್ಟು ವರ್ಷ ಒಟ್ಟಿಗೆ ಬಾಳಿದವರನ್ನ ಒಂದು ಕೀ ವಿಷಯಕ್ಕೆ ನಂಬಲ್ಲ ಅಂತೀರಿ, ಕಾರಣ ಕೇಳಬೇಡ ಅಂತೀರಿ. ನಾನೇನು ಈ ಮನೆಗೆ ನಿನ್ನೆ ಬಂದವಳಾ?

ಅದಕ್ಕಿಂತ ದೊಡ್ಡ ತಲೆನೋವು ಇದೆ. ಸಸಿ ಯಾಕೋ ಸರಿಯಿಲ್ಲ. ದಂಟು ಉದ್ದುದ್ದ ಹೋಗ್ತಿದೆ. ಎಲೆ ತೆಳ್ಳಗೆ, ಎಳೆ ಹಸಿರು, ಮುಟ್ಟಿದರೆ ಕೈಗೆ ಮೆತ್ತಗೆ ಸಿಗುತ್ತೆ. ನಿಮ್ಮ ಕೈಯಲ್ಲಿ ಈ ಹೊತ್ತಿಗೆ ಎಲೆ ದಪ್ಪಗಾಗಿ ದಂಟಿಗೆ ನೇರಳೆ ಬಣ್ಣ ಹತ್ತಿರೋದು. ನಿನ್ನೆ ಒಂದು ಟ್ರೇ ಎತ್ತಿದೆ, ಕೈ ಜಗ್ಗಿಹೋಯ್ತು. ಒಣಗಿದ ಟ್ರೇ ಅಷ್ಟು ಭಾರ ಇರಲ್ಲ. ಯಾರೋ ಕದ್ದು ನೀರು ಹಾಕ್ತಿದ್ದಾರೆ.

ಯಾರೋ ಏನು, ಸಣ್ಣಕ್ಕ. ಮಧ್ಯಾಹ್ನ ಇರೋಳು ಅವಳೊಬ್ಬಳೇ. ಕೇಳಿದ್ದಕ್ಕೆ ಮೈಮೇಲೆ ಬಂದಳು. ನಾನೂ ಬಿಡಲಿಲ್ಲ. ನಾನಂದೆ ಅವಳಂದಳು, ಕೊನೆಗೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನ ಕಾಲ ಹತ್ತಿರ ಎಸೆದು ಹೊರಟೇಹೋದಳು. ಹೋಗಲಿ ಬಿಡಿ. ಈಗ ಒಬ್ಬಳೇ ಇದ್ದೀನಿ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ.

ನಿಮ್ಮ ಸೊಸೆ


ನವೆಂಬರ್ 15

ಸೊಸೆಗೆ,

ಸಣ್ಣಕ್ಕ ಮಾಡಿಲ್ಲ. ಅವಳ ಮನೆಗೆ ಹೋಗು, ಕಾಲು ಹಿಡಿದಾದರೂ ಕರೆದುಕೊಂಡು ಬಾ.

ಈ ವರ್ಷ ಚಳಿ ಬೇಗ ಇಳಿಯುತ್ತೆ ಅಂತ ರೇಡಿಯೋದಲ್ಲಿ ಹೇಳುತ್ತಿದ್ದಾರೆ. ನನಗೆ ಇಲ್ಲಿ ಕೂತಲ್ಲಿ ಕೂರುವುದಕ್ಕಾಗುತ್ತಿಲ್ಲ, ನಿಂತಲ್ಲಿ ನಿಲ್ಲುವುದಕ್ಕಾಗುತ್ತಿಲ್ಲ. ಮಗಳು “ಏನಮ್ಮ?” ಅಂದರೆ ನಗುತ್ತೇನೆ. ನಕ್ಕೂ ನಕ್ಕೂ ದವಡೆ ನೋಯುತ್ತಿದೆ.

ಒಂದು ವಿಷಯ ಬರಿ. ನಿನ್ನ ಮಾವ ಷರಟಿನ ಗುಂಡಿ ಸರಿಯಾಗಿ ಹಾಕಿಕೊಳ್ಳುತ್ತಾರಾ? ನಿನ್ನನ್ನು ಏನಂತ ಕರೆಯುತ್ತಾರೆ? ಊಟ ಮಾಡಿದ ಮೇಲೆ ಮತ್ತೆ ಊಟ ಕೇಳುತ್ತಾರಾ? ಸುಮ್ಮನೆ ಕೇಳಿದೆ.

ಅತ್ತೆ


ನವೆಂಬರ್ 19

ಅತ್ತೆ,

ನಿಮಗೆ ಗೊತ್ತಿತ್ತು.

ನೀವು ಸುಮ್ಮನೆ ಕೇಳಿದ ಪ್ರಶ್ನೆಗಳು ಬರೋ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು. ಮೊನ್ನೆ ಅಂಗಡಿ ಮುಚ್ಚಿ ಮಧ್ಯಾಹ್ನವೇ ಬಂದೆ. ಖಾಲಿ ಟ್ರೇಗಳ ಹಿಂದೆ ಬಚ್ಚಿಟ್ಟುಕೊಂಡು ಕೂತೆ, ಸಣ್ಣಕ್ಕ ಕದ್ದು ಬಂದರೆ ಜುಟ್ಟು ಹಿಡಿಯೋಣ ಅಂತ. ಬಂದಿದ್ದು ಮಾವ. ಬನಿಯನ್ನಿನ ಒಳಗಿಂದ ಕೀ ತೆಗೆದರು, ಬೀಗ ತೆರೆದರು, ಪೈಪ್ ಹಿಡಿದು ಒಂದೊಂದು ಟ್ರೇಗೂ ಎಷ್ಟು ನಿಧಾನವಾಗಿ ನೀರು ಹಾಕಿದರು ಅಂದರೆ ನೋಡೋಕೇ ಚೆನ್ನಾಗಿತ್ತು. “ಕುಡೀರಪ್ಪ, ಕುಡೀರಿ” ಅಂತಿದ್ದರು. ಬೀಗ ಹಾಕಿ, ಕೈ ಒರೆಸಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ನಾನು ಎದ್ದು ಮಾತಾಡಿಸೋಣ ಅಂದುಕೊಂಡೆ. ಅಷ್ಟರಲ್ಲಿ ಅವರೇ ಎದ್ದರು. “ಅಯ್ಯೋ, ಸಸಿಗೆ ನೀರು ಹಾಕೋ ಹೊತ್ತಾಯ್ತಲ್ಲ” ಅಂದರು. ಕೀ ತೆಗೆದರು, ಬೀಗ ತೆರೆದರು, ಅದೇ ಟ್ರೇಯಿಂದ ಮತ್ತೆ ಶುರು. “ಕುಡೀರಪ್ಪ, ಕುಡೀರಿ.”

ಎದ್ದು ನಿಂತೆ ಅತ್ತೆ. ಹೋಗಿ ಪೈಪ್ ಇಸ್ಕೊಂಡೆ. ನನ್ನನ್ನು ನಾದಿನಿಯ ಹೆಸರು ಹಿಡಿದು ಕರೆದು, “ಸ್ಕೂಲ್ ಬಿಟ್ಟಿತಾ?” ಅಂದರು.

ಯಾಕೆ ಹೇಳಲಿಲ್ಲ? ಒಂದೇ ಒಂದು ಮಾತು ಹೇಳಿದ್ದರೆ ನಾನು ಕೀ ಕೊಡ್ತಿದ್ದೆನಾ? ಏನೂ ಮಾಡದ ಸಣ್ಣಕ್ಕನನ್ನ ಕಳ್ಳಿ ಮಾಡಿದೆ. ನಿಮಗೆ ಮರ್ಯಾದೆ ಮುಖ್ಯವಾಯ್ತು, ನನಗೆ ಈಗ ಸಸಿಯೂ ಇಲ್ಲ, ಮರ್ಯಾದೆಯೂ ಇಲ್ಲ. ನಿಮ್ಮ ಮೇಲೆ ಎಷ್ಟು ಕೋಪ ಬಂದಿದೆ ಅಂದರೆ ಈ ಕಾಗದ ಎರಡು ಸಲ ಹರಿದು ಮತ್ತೆ ಬರೀತಿದ್ದೀನಿ.

ಸಸಿ ಮೆತ್ತಗಾಗಿ ಕೂತಿದೆ. ಈ ಮೈಯಲ್ಲಿ ಮೇಲಕ್ಕೆ ಹೋದರೆ ಮೊದಲ ಚಳಿಗೇ ಸಾಯುತ್ತವೆ. ತಡ ಮಾಡೋಣ ಅಂದರೆ ಅದೂ ಆಗಲ್ಲ. ದಂಟು ಪೆನ್ಸಿಲ್ ದಪ್ಪ ಆದ ಮೇಲೆ ಹೆಚ್ಚು ದಿನ ಚಳಿ ತಿಂದರೆ ಕೋಸು ಗಡ್ಡೆ ಕಟ್ಟದೆ ಹೂ ಬಿಟ್ಟುಬಿಡುತ್ತೆ ಅಂತ ನೀವೇ ಕಲಿಸಿದ್ದು. ಟೋಪಿಯಣ್ಣ ಬರೋದರೊಳಗೆ ಗಟ್ಟಿಯಾಗಬೇಕು, ಇಲ್ಲಾಂದ್ರೆ ಮುಗೀತು. ನಾನು ಬೀಗ ಬದಲಾಯಿಸಿದೆ. ಅವರು ಬಚ್ಚಲುಮನೆಯಿಂದ ಜಗ್‌ನಲ್ಲಿ ತರೋಕೆ ಶುರು ಮಾಡಿದ್ದಾರೆ.

ಏನು ಮಾಡಲಿ? ಈ ಸಲ ಕಾರಣ ಸಮೇತ ಹೇಳಿ.

ನಿಮ್ಮ ಸೊಸೆ

ಗುಂಡಿ ಒಂದು ಮೇಲೆ ಒಂದು ಕೆಳಗೆ. ಊಟ ಎರಡೆರಡು ಸಲ ಕೇಳ್ತಾರೆ. ಕೊಡ್ತೀನಿ, ಸ್ವಲ್ಪ ಸ್ವಲ್ಪ.


ನವೆಂಬರ್ 23

ಸೊಸೆಗೆ,

ನೀನು ಬೈದಿದ್ದು ಸರಿಯಾಗಿದೆ.

ಹೋದ ವರ್ಷ ಶುರುವಾಯಿತು. ಮೊದಮೊದಲು ಮರೆವು ಅಂದುಕೊಂಡೆ. ಆಮೇಲೆ ಅವರ ಹಿಂದೆ ಹಿಂದೆಯೇ ಓಡಾಡಿಕೊಂಡು ಅವರು ಮಾಡಿದ್ದನ್ನು ಸರಿ ಮಾಡುತ್ತಾ ಬಂದೆ. ಅವರು ನೀರು ಹಾಕಿದ ಟ್ರೇಯನ್ನು ಬಗ್ಗಿಸಿ ಬಸಿದೆ. ಅವರು ತಪ್ಪು ಹೇಳಿದ ರೇಟನ್ನು ನಗುತ್ತಾ ತಿದ್ದಿದೆ. ಪೇಟೆಯಲ್ಲಿ ಜನ ಅವರನ್ನು ನೋಡಿ ನಗುವುದನ್ನು ನನ್ನ ಕಣ್ಣಿಂದ ನೋಡಲಾರೆ. ಮಗನಿಗೆ ಹೇಳಿದರೆ ಅವನು ಒಡೆದುಹೋಗುತ್ತಾನೆ. ಮಗಳಿಗೆ ಈ ಸ್ಥಿತಿಯಲ್ಲಿ ಹೇಳುವಂತಿಲ್ಲ. ಉಳಿದವಳು ನೀನು. ನಿನಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತ ಹೇಳಲಿಲ್ಲ. ಇದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇಲ್ಲ.

ಈಗ ಮಾಡಬೇಕಾದ್ದು ಒಂದೇ. ಸಸಿ ಹೋಗುವವರೆಗೂ ಅವರನ್ನು ಹಗಲು ಹೊತ್ತು ಮನೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕು. ನನ್ನಿಂದ ಆಗಲಿಲ್ಲ, ನೀನು ಮಾಡು. ಟೋಪಿಯಣ್ಣನಿಗೆ ಒಂದು ಮಾತೂ ಗೊತ್ತಾಗಕೂಡದು. ಅವನು ಬಂದ ದಿನ ನಿನ್ನ ಮಾವನಿಗೆ ಜ್ವರ ಅಂತ ಹೇಳು.

ಅತ್ತೆ


ನವೆಂಬರ್ 28

ಅತ್ತೆ,

ಚಿಲಕ ಹಾಕಿದೆ. ನೀವು ಹೇಳಿದ ಹಾಗೇ ಮಾಡಿದೆ, ಒಂದು ದಿನ.

ಮೊದಲು ಬಾಗಿಲು ತಳ್ಳಿದರು. ಆಮೇಲೆ ಕಿಟಕಿಗೆ ಬಂದರು. ಕೂಗಾಡಿದ್ದರೆ ನಾನು ಮನಸ್ಸು ಕಲ್ಲು ಮಾಡಿಕೊಂಡು ಇರ್ತಿದ್ದೆ. ಅವರು ಕೂಗಲಿಲ್ಲ. ಯಾರದೋ ಅಂಗಡಿ ಮುಂದೆ ನಿಂತವರ ಥರ ಸರಳು ತಟ್ಟಿ, “ಯಾರಾದರೂ ಇದ್ದೀರಾಮ್ಮ? ತೊಂದರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಸಸಿಗೆ ನೀರು ಹಾಕೋ ಹೊತ್ತಾಯ್ತು” ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಅದೇ ಮರ್ಯಾದೆ, ಅದೇ ದನಿ. ನಾನು ಹೊರಗೆ ಟ್ರೇ ಸರಿಸ್ತಾ ಅಳ್ತಿದ್ದೆ. ಇನ್ನು ನನ್ನಿಂದಲೂ ಆಗಲ್ಲ ಅತ್ತೆ. ಬಾಗಿಲು ತೆಗೆದುಬಿಟ್ಟೆ. ಸಸಿ ಸತ್ತರೆ ಸಾಯಲಿ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಸೀದಾ ಜಗ್ ತಗೊಂಡು ಬಂದರು. ನಾನು ಜಗ್ ಇಸ್ಕೊಂಡೆ. ಅವರ ಕೈ ಖಾಲಿ ಉಳೀತು, ಹಾಗೇ ಟ್ರೇ ಮೇಲೆ ತಡಕಾಡ್ತಿತ್ತು. ಅದನ್ನೇ ನೋಡ್ತಿದ್ದೆ. ಪಕ್ಕದಲ್ಲಿ ಪೊರಕೆ ಇತ್ತು. ನೀರಿನ ತಲೆನೋವಲ್ಲಿ ಈ ಪೊರಕೆ ಕೆಲಸ ನಾನು ವಾರದಿಂದ ಮಾಡಿರಲೇ ಇಲ್ಲ. ಅವರ ಅಂಗೈ ಹಿಡಿದು ಸಸಿಗಳ ತಲೆ ಮೇಲೆ ಇಟ್ಟೆ. “ನೀರು ಬೇಡ ಮಾವ. ಇವಕ್ಕೆ ತಲೆ ಸವರಬೇಕಂತೆ, ಅತ್ತೆ ಹೇಳಿದ್ದಾರೆ” ಅಂದೆ. “ಹೌದಾ? ಅವಳು ಹೇಳಿದಳಾ? ಹಾಗಾದರೆ ಮಾಡಲೇಬೇಕು” ಅಂತ ನಕ್ಕರು. ನಿಮ್ಮ ಹೆಸರಿನ ಭಯ ಒಂದನ್ನ ಅವರು ಇನ್ನೂ ಮರೆತಿಲ್ಲ.

ಸವರಿದರು ನೋಡಿ. ಈ ತುದಿಯಿಂದ ಆ ತುದಿಯವರೆಗೂ, ಎಲೆ ಮುರಿಯದ ಹಾಗೆ, ಹಗುರವಾಗಿ. ಮುಗಿಸಿ ಕುರ್ಚಿಯಲ್ಲಿ ಕೂತರು. ಎದ್ದು, “ಅಯ್ಯೋ, ನೀರು ಹಾಕೋ ಹೊತ್ತಾಯ್ತಲ್ಲ” ಅಂದರು. ನಾನು ಮತ್ತೆ ಕೈ ಹಿಡಿದು ಸಸಿ ಮೇಲಿಟ್ಟೆ. ಮತ್ತೆ ಮೊದಲಿನಿಂದ. ನನಗೆ ಆಗ ಹೊಳೀತು ಅತ್ತೆ. ನೀರು ಎರಡನೇ ಸಲ ಹಾಕಿದರೆ ಸಸಿ ಕೆಡುತ್ತೆ. ಕೈ ಎರಡನೇ ಸಲ ಆಡಿಸಿದರೆ ಏನೂ ಕೆಡಲ್ಲ. ದಿನಪೂರ್ತಿ ಬೇಸರವಿಲ್ಲದೆ ಸವರೋಕೆ ಯಾರಿಗಾಗುತ್ತೆ ಹೇಳಿ, ನನಗಾಗುತ್ತಾ, ನಿಮಗಾಗುತ್ತಾ? ಅವರಿಗೆ ಪ್ರತಿ ಸಲವೂ ಅದು ಮೊದಲ ಸಲವೇ.

ಸಣ್ಣಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಮನಸಾರೆ ಬೈದಳು. ಬೈದು ಸುಸ್ತಾದ ಮೇಲೆ ಮಾವನ ವಿಷಯ ಹೇಳಿದೆ; ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಾಗಲೇ ಅವರು ನೀರು ಹಾಕ್ತಿದ್ದಿದ್ದು. ಆ ಕ್ಷಣವೇ ಚಪ್ಪಲಿ ಹಾಕಿಕೊಂಡು ನನಗಿಂತ ಮುಂಚೆ ಹೊರಟಳು. ಈಗ ಇಬ್ಬನಿಗೆ ಎಲೆ ಒದ್ದೆ ಇರುವಾಗ ಅವರು ಮುಟ್ಟಿ ರೋಗ ಹರಡದ ಹಾಗೆ ನೋಡಿಕೊಳ್ಳೋದು ಅವಳ ಕೆಲಸ. ನೀರು ಪೂರ್ತಿ ನಿಲ್ಲಿಸಿದ್ದೀನಿ, ಟ್ರೇಗಳೆಲ್ಲ ಹೊರಗೆ.

ನಿಮ್ಮ ಸೊಸೆ

ಮಾವ ನಿಮಗೆ ಕಾಗದ ಬರೀಬೇಕು ಅಂತಾರೆ. ಲಕೋಟೆ, ವಿಳಾಸ ಕೊಟ್ಟಿದ್ದೀನಿ. ಏನು ಬರೆದರೋ ನಾನು ನೋಡಿಲ್ಲ.


ಡಿಸೆಂಬರ್ 3

ಸೊಸೆಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ದಿನವೆಲ್ಲ ಕೈಯಾಡಿಸಿದರೆ ಎಲೆ ಹರಿಯುವುದಿಲ್ಲವಾ? ನಾನು ಬೆಳಗ್ಗೆ ಸಂಜೆ ಮಾತ್ರ ಮಾಡುತ್ತಿದ್ದೆ. ಇದು ನಾನು ಮಾಡಿ ನೋಡಿದ ಕೆಲಸವಲ್ಲ, ಆದ್ದರಿಂದ ಸರಿ ಅನ್ನಲೂ ಗೊತ್ತಿಲ್ಲ, ತಪ್ಪು ಅನ್ನಲೂ ಗೊತ್ತಿಲ್ಲ. ದಂಟು ನೇರಳೆಯಾಯಿತಾ? ಅದೊಂದು ಬರಿ.

ಮಗಳನ್ನು ನಿನ್ನೆ ಆಸ್ಪತ್ರೆಗೆ ಸೇರಿಸಿದ್ದೇವೆ. ಬಾಗಿಲಾಚೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾರೂ ಏನೂ ಹೇಳುತ್ತಿಲ್ಲ.

ಟೋಪಿಯಣ್ಣನಿಗೆ ಗೊತ್ತಾಗದಿರಲಿ. ಕೈ ಮುಗಿಯುತ್ತೇನೆ.

ಅತ್ತೆ


ಡಿಸೆಂಬರ್ 8

ಅತ್ತೆ,

ನಾದಿನಿ ಹೇಗಿದ್ದಾಳೆ? ನಿಮ್ಮ ಕಾಗದ ಬಂದಾಗಿಂದ ಅಂಚೆಯವನ ದಾರಿ ಕಾಯ್ತಿದ್ದೀನಿ.

ಟೋಪಿಯಣ್ಣ ಬಂದಿದ್ದರು. ನೀವು ಕೈ ಮುಗಿದಿದ್ದಿರಿ, ಆದರೂ ನಿಮ್ಮ ಮಾತು ಮೀರಿದೆ. ಜ್ವರ ಅಂತ ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಮಾವ ಅವರ ಮುಂದೆಯೇ ನಿಂತಿದ್ದರು. “ಎಲ್ಲಿಂದ ಬಂದ್ರಿ?” ಅಂತ ಕೇಳಿದರು. ಟೋಪಿಯಣ್ಣ ನಕ್ಕು, “ಮೇಲಿಂದ ಯಜಮಾನ್ರೇ, ನಾನು ಗೊತ್ತಾಗಲಿಲ್ವಾ?” ಅಂದರು. “ಅಲ್ಲಿ ಚಳಿ ಜಾಸ್ತಿನಾ?” “ಕಿವಿ ಉದುರುತ್ತೆ.” ಮಾವ ಒಂದು ಟ್ರೇ ಸವರಿ ತಿರುಗಿ, “ಎಲ್ಲಿಂದ ಬಂದ್ರಿ? ಅಲ್ಲಿ ಚಳಿ ಜಾಸ್ತಿನಾ?” ಅಂದರು. ಟೋಪಿಯಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. “ಮೇಲಿಂದ ಯಜಮಾನ್ರೇ, ಕಿವಿ ಉದುರುತ್ತೆ” ಅಂತ ಅವರು ಮತ್ತೆ ಮೊದಲ ಸಲ ಹೇಳಿದ ಹಾಗೇ ಹೇಳಿದರು. ಮೂರನೇ ಸಲ ಕೇಳಿದಾಗ ಆ ಉಣ್ಣೆ ಟೋಪಿ ತೆಗೆದು ಮಾವನ ತಲೆಗೆ ಹಾಕಿದರು. ಬರಿದಲೆಯ ಟೋಪಿಯಣ್ಣನನ್ನ ನಾನು ನೋಡಿದ್ದು ಅವತ್ತೇ. ಪೂರ್ತಿ ಬೋಳು.

ಯಾರೂ ನಗಲಿಲ್ಲ ಅತ್ತೆ.

ಆಮೇಲೆ ಎಲ್ಲ ಹೇಳಿದೆ. ಸಸಿ ನೀರು ಕುಡಿದು ಮೆತ್ತಗಾಗಿತ್ತು, ಈಗ ಸುಮಾರು ಗಟ್ಟಿಯಾಗಿದೆ, ನಿಲ್ಲುತ್ತೆ ಅಂತ ಆಣೆ ಮಾಡಿ ಹೇಳಲಾರೆ, ಬೇಡ ಅಂದರೆ ಬೇಸರವಿಲ್ಲ ಅಂದೆ. ಹಿಂದಿನ ಸಾಲಿನ ಟ್ರೇಗಳು ಇನ್ನೂ ಎಳಸು, ಅವನ್ನ ನಾನೇ ಪಕ್ಕಕ್ಕಿಟ್ಟೆ. ಮುಂದಿನವಕ್ಕೆ ಬಣ್ಣ ಹತ್ತಿದೆ, ಮಾವನ ಕುರ್ಚಿಗೆ ಹತ್ತಿರ ಇದ್ದವು ಅವೇ. ಟೋಪಿಯಣ್ಣ ಒಂದು ಸಸಿ ಕಿತ್ತು ಬಗ್ಗಿಸಿ ನೋಡಿದರು, ಬೇರು ನೋಡಿದರು. ಕೊನೆಗೆ, “ಬೇರೆ ದಾರಿ ನನಗೂ ಇಲ್ಲಮ್ಮ. ಎಳಸೂ ಕೊಡು, ಕೆಳಗಿನ ಪಟ್ಟಿ ಹೊಲದಲ್ಲಿ ಬೇರೆಯಾಗಿ ಹಾಕ್ತೀವಿ” ಅಂತ ಎಲ್ಲವನ್ನೂ ತುಂಬಿಕೊಂಡು ಹೋದರು.

ಅವರು ನೆಟ್ಟು ಮುಗಿಸೋ ಹೊತ್ತಿಗೇ ಶೀತಗಾಳಿ ಬರುತ್ತೆ ಅಂತ ರೇಡಿಯೋ ಹೇಳಿತು. ಇಲ್ಲೇ ಬಕೆಟ್ ನೀರಿನ ಮೇಲೆ ಗಾಜಿನ ಥರ ಪದರ ಕಟ್ಟಿದೆ. ಮೇಲೆ ಹೇಗಿದೆಯೋ. ಅಲ್ಲಿಗೆ ಫೋನ್ ಹೋಗ್ತಿಲ್ಲ. ಮಾವ ಖಾಲಿ ಮೇಜಿನ ಮುಂದೆ ನಿಂತು, “ಎಲ್ಲಿ ಹೋದವು?” ಅಂತ ಕೇಳ್ತಾರೆ. ಏನು ಹೇಳಲಿ, ನನಗೇ ಗೊತ್ತಿಲ್ಲ.

ನಿಮ್ಮ ಸೊಸೆ


ಡಿಸೆಂಬರ್ 14

ಅತ್ತೆ,

ಟೋಪಿಯಣ್ಣ ಬಂದಿದ್ದರು. ಗೇಟಿನ ಸದ್ದಿಗೇ ಕೈಲಿದ್ದ ಕೆಲಸ ಬಿಟ್ಟು ಓಡಿದೆ. ಮುಖ ನೋಡಿ ಏನೂ ತಿಳಿಯೋ ಹಾಗಿರಲಿಲ್ಲ.

ಶೀತಗಾಳಿ ಬೀಸಿದ ಮಾರನೇ ಬೆಳಗ್ಗೆ ಅಲ್ಲಿ ಎದ್ದು ನೋಡಿದರೆ ಹೊಲಪೂರ್ತಿ ಬೆಳ್ಳಗೆ, ಸಸಿಗಳೆಲ್ಲ ನೆಲಕ್ಕೆ ಅಂಟಿಕೊಂಡು ಮಲಗಿದ್ದವಂತೆ. ಎಲೆ ಕಪ್ಪಗೆ, ಬೆಂದ ಹಾಗೆ. ಹೆಂಗಸರು ಅಲ್ಲೇ ಕೂತು ಅತ್ತರಂತೆ. ಇವರು ಅಲ್ಲಿ ನಿಲ್ಲಲಾರದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದರಂತೆ. ಬಿಸಿಲು ಏರಿದ ಮೇಲೆ ಯಾರೋ ಬಂದು ಬಾಗಿಲು ಬಡಿದರು. ಹೋಗಿ ನೋಡಿದರೆ ಮೇಲಿನ ಪಟ್ಟಿಯಲ್ಲಿ ಒಂದೊಂದೇ ತಲೆ ಎತ್ತುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ನೆಟ್ಟಗೆ. ಕೆಳಗಿನ ಪಟ್ಟಿ, ಆ ಎಳಸಿನವು, ಏಳಲೇ ಇಲ್ಲ. ಅವು ಹೋದವು. ಆದರೆ ಊರಿಗೆ ಈ ವರ್ಷ ಬೆಳೆ ಇದೆ ಅತ್ತೆ. ಬೆಳೆ ಇದೆ!

ನಾನು ಅಂಗಳದಲ್ಲೇ ಕುಸಿದು ಕೂತೆ. ಸಣ್ಣಕ್ಕನೂ ಕೂತಳು, ಅವಳ ಭಾರಕ್ಕೆ ನೆಲ ಅದುರಿತು. ಮಾವ ಬಂದು ಟೋಪಿಯಣ್ಣನಿಗೆ, “ಎಲ್ಲಿಂದ ಬಂದ್ರಿ?” ಅಂದರು.

ಟೋಪಿ ವಾಪಸ್ ಕೊಡೋಕೆ ಹೋದೆ, ತಗೊಳ್ಳಲಿಲ್ಲ. ನಾದಿನಿ ಸುದ್ದಿ ಬರೀರಿ. ಒಂದೇ ಒಂದು ಸಾಲು ಸಾಕು.

ನಿಮ್ಮ ಸೊಸೆ


ಡಿಸೆಂಬರ್ 20

ಸೊಸೆಗೆ,

ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ. ಬಾಯಿ ಮಾತ್ರ ನಿನ್ನ ಹಾಗೇ, ಆಸ್ಪತ್ರೆಯನ್ನೇ ತಲೆ ಮೇಲೆ ಹೊತ್ತುಕೊಂಡಿದೆ.

ನಿನ್ನ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಓದಿದೆ. ಮೇಲಿನ ಪಟ್ಟಿ ಎದ್ದಿತು ಅನ್ನುವಲ್ಲಿಗೆ ಬಂದಾಗ ಜೋರಾಗಿ ಅತ್ತುಬಿಟ್ಟೆ. ಯಾರೋ ಪಾಪ ನನ್ನವರು ತೀರಿಕೊಂಡರು ಅಂದುಕೊಂಡು ನೀರು ತಂದುಕೊಟ್ಟರು. ಮಗನಿಗೆ ನಾನೇ ಎಲ್ಲ ಬರೆದಿದ್ದೇನೆ. ಮಗಳು ಮನೆಗೆ ಬಂದ ಮೇಲೆ ಅವಳಿಗೂ ಹೇಳುತ್ತೇನೆ. ಹೊಸ ಬೀಗದ ಕೀ ನಿನ್ನ ಹತ್ತಿರವೇ ಇರಲಿ. ಶೆಡ್ಡಿನ ಕೀ ಕೂಡ. ನಾನು ಬಂದ ಮೇಲೂ ವಾಪಸ್ ಕೇಳುವುದಿಲ್ಲ. ಬೇರೆ ಟ್ರೇಗಳಿಗೆ ಬೀಜ ಹಾಕು, ಅವರು ಖಾಲಿ ಮೇಜಿನ ಮುಂದೆ ನಿಲ್ಲುವುದು ಬೇಡ.

ನಿನ್ನ ಮಾವನ ಕಾಗದ ಬಂದಿದೆ. ಒಂದಲ್ಲ, ಐದು. ಐದರಲ್ಲೂ ಬರೆದಿರುವುದು ಒಂದೇ. ‘ಇವತ್ತು ಸಸಿಗಳ ತಲೆ ಸವರಿದೆ. ಚೆನ್ನಾಗಿವೆ. ಶೆಡ್ಡಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಾಳೆ, ಬಾಯಿ ಜೋರು, ಕೆಲಸದಲ್ಲಿ ಚುರುಕು. ಅವಳನ್ನು ಬಿಡಬೇಡ, ಇಟ್ಟುಕೊಳ್ಳೋಣ. ನೀನು ಯಾವಾಗ ಬರ್ತೀಯ?’ ನಿನಗೆ ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಇನ್ನು ಮುಚ್ಚಿಡುವುದು ಬೇಡ ಅಂತ ಬರೆದೆ.

ಐದಕ್ಕೂ ಉತ್ತರ ಬರೆದು ಇದರ ಜತೆ ಇಟ್ಟಿದ್ದೇನೆ. ಎಲ್ಲ ಒಟ್ಟಿಗೆ ಕೊಡಬೇಡ. ನಾನು ಎಲ್ಲಿ ಅಂತ ಅವರು ಕೇಳಿದಾಗ ಒಂದು ಕೊಡು. ಮತ್ತೆ ಕೇಳಿದಾಗ ಇನ್ನೊಂದು. ನಾನು ಬರುವುದರೊಳಗೆ ಐದೂ ಮುಗಿದುಹೋದರೆ, ಮೊದಲನೆಯದನ್ನೇ ಮತ್ತೆ ಕೊಡು.

ನಿನ್ನ ಅತ್ತೆ